ದೋಣಿ ಗುಡ್ಡ ಹತ್ತಿದ ದಿನ

ದೋಣಿ ಗುಡ್ಡ ಹತ್ತುತ್ತದೆ ಎಂದರೆ ತಾವು ನಂಬುವಿರಾ? ಕಳೆದ ಬೇಸಗೆಯ ರಜೆಯಲ್ಲಿ ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗುವವರೆಗೆ ನಾನೂ ನಂಬುತ್ತಿರಲಿಲ್ಲ. ತಗ್ಗಿನತ್ತ ಹರಿಯುವುದು ನೀರಿನ ಸ್ವಭಾವ. ಅದರ ಬೆನ್ನೇರಿದ ದೋಣಿ ಮೇಲಕ್ಕೆ ಹೋಗುವುದೆಂತು? ಕಣ್ಣಾರೆ ಕಂಡದ್ದನ್ನು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡುತ್ತೇನೆ.

ಆ ದೇಶದ ದಕ್ಷಿಣ ಭಾಗದಲ್ಲಿ ಕೆನೆಟ್ ಮತ್ತು ಏವನ್ ಕಾಲುವೆ ಎಂಬ ಜಲಮಾರ್ಗವಿದೆ. ರೆಡಿಂಗಿನಿಂದ ಬ್ರಿಸ್ಟಲಿನವರೆಗೆ ಸುಮಾರು 87 ಮೈಲಿ. ಇದು ಗದ್ದೆಗೆ ನೀರುಣಿಸುವ ನಾಲೆಯಲ್ಲ. ಸರಕಿನ ದೋಣಿಗಳಿಗಾಗಿ ಮಾಡಿದ ಹಾದಿ. ಜಾನ್ ರೆನ್ನಿ ಎಂಬ ಇಂಜಿನಿಯರು ಯೋಜಿಸಿದ ಈ ಕಾಲುವೆ 1810ರಲ್ಲಿ ಪೂರ್ಣಗೊಂಡಿತು. ಡಿವೈಜಸ್ ಎಂಬ ಊರಿನ ಬಳಿ ಕೇನ್ ಹಿಲ್ ಎಂಬ ದಿಬ್ಬವಿದೆ. ಅಲ್ಲಿ ಎರಡು ಮೈಲಿಯಲ್ಲಿ 237 ಅಡಿ ಏರಬೇಕು. ಅದಕ್ಕಾಗಿ 29 ‘ಲಾಕ್’ಗಳನ್ನು ಕಟ್ಟಿದ್ದಾರೆ. ನೀರಿನ ಮೆಟ್ಟಿಲುಗಳೆಂದರೆ ನಮಗೆ ಸುಲಭವಾಗಿ ತಿಳಿದೀತು.

ಲಾಕ್ ಎಂದರೆ ಹಿಂದೆ ಮುಂದೆ ಮರದ ಬಾಗಿಲುಗಳಿರುವ ತೊಟ್ಟಿ. ಕೆಳಗಿನ ಬಾಗಿಲಿನಿಂದ ದೋಣಿ ಒಳಹೊಕ್ಕ ಮೇಲೆ ಆ ಬಾಗಿಲನ್ನು ಮುಚ್ಚುತ್ತಾರೆ. ನಮ್ಮ ಕೆರೆಯ ತೂಬಿನಂತೆ, ಮೇಲಿನ ಕಂಡಿಗಳನ್ನು ಕಬ್ಬಿಣದ ಹಿಡಿಕೆಯಿಂದ ತಿರುವಿ ಎತ್ತುತ್ತಾರೆ. ಮೇಲಿನ ನೀರು ತೊಟ್ಟಿಯನ್ನು ತುಂಬುತ್ತದೆ. ಅದರೊಡನೆ ದೋಣಿಯೂ ಎಂಟಡಿಯಷ್ಟು ಏಳುತ್ತದೆ. ಬಳಿಕ ಮೇಲಿನ ಬಾಗಿಲು ತೆರೆದು ಮುಂದಿನ ಮೆಟ್ಟಿಲಿಗೆ ಪಯಣ. ಯಂತ್ರದ ಹಂಗಿಲ್ಲ, ನೀರೇ ಆಳು.

ಬೆಳಿಗ್ಗೆ ಬೇಗನೆ, ಮಗ ಬಾಡಿಗೆಗೆ ಹಿಡಿದ ದೋಣಿಯಲ್ಲಿ ಹೊರಟೆವು. ಲಾಕಿನಲ್ಲಿ ಕಿರಿದಾದ ಎರಡು ದೋಣಿಗಳಿಗೆ ಎಡೆಯುಂಟು. ಪ್ರತಿ ಸಲವೂ ಒಂದು ತೊಟ್ಟಿಯ ನೀರು ಕೆಳಗಿಳಿದುಹೋಗುವುದರಿಂದ, ಜೊತೆಗೊಂದು ದೋಣಿ ಬರಲೆಂದು ಕಾಯುವುದು ಅಲ್ಲಿಯ ವಾಡಿಕೆ. ನಮಗೂ ವೃದ್ಧ ದಂಪತಿಗಳ ದೋಣಿಯೊಂದು ಜೊತೆಯಾಯಿತು.

ಮೂರನೆಯ ಲಾಕಿನಲ್ಲಿ ನನಗೂ ಉತ್ಸಾಹ ಬಂತು. ಬಾಗಿಲಿಗೆ ಜೋಡಿಸಿದ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ನೂಕಿದೆ. ಅದು ಮಿಸುಕಲಿಲ್ಲ. ಇನ್ನೂ ಬಲವಾಗಿ ನೂಕಿದೆ. ಬೆವರು ಬಂತೇ ಹೊರತು ಬಾಗಿಲು ಬರಲಿಲ್ಲ. ಮಗ ನಕ್ಕು, “ತಾಳಿ ಅಪ್ಪಾ, ಎರಡು ಕಡೆಯ ನೀರೂ ಸಮವಾಗಲಿ. ಗೇಣುದ್ದ ವ್ಯತ್ಯಾಸವಿದ್ದರೂ ಯಾರಿಂದಲೂ ತೆರೆಯಲಾಗದು” ಎಂದ. ಸ್ವಲ್ಪ ಹೊತ್ತು ಕಾದೆವು. ಆಮೇಲೆ ಅದೇ ಬಾಗಿಲು ಮಾತಿಲ್ಲದೆ ಸರಿಯಿತು.

ನನಗೆ ನಾಚಿಕೆಯಾಯಿತು. ಇದೇ ಮಗನಿಗೆ ಹತ್ತನೆಯ ವಯಸ್ಸಿನಲ್ಲಿ ಸಂಧಿ ಪ್ರಕರಣವನ್ನು ಹೇಳಿಕೊಡುವಾಗ ನಾನು ಹೀಗೆಯೇ ನೂಕಿದ್ದೆ. ಗದರಿದ್ದೆ, ಕಿವಿ ಹಿಂಡಿದ್ದೆ. ಲೋಪಾಗಮಾದೇಶಗಳು ಅವನ ತಲೆಗೆ ಹೋಗಲಿಲ್ಲ. ಕನ್ನಡ ಪುಸ್ತಕವೆಂದರೆ ದೂರ ಸರಿಯುವಂತಾದ. ನನ್ನ ಮಟ್ಟ ಮೇಲಿತ್ತು, ಅವನದು ಕೆಳಗಿತ್ತು. ಕಂಡಿ ತೆರೆದು ಕಾಯಬೇಕಾದವನು ನಾನು. ಆ ಮಾತನ್ನು ಅಲ್ಲಿಯೇ ಅವನಿಗೆ ಹೇಳಿದೆ. ಅವನು ಉತ್ತರ ಕೊಡಲಿಲ್ಲ. ಹಿಡಿಕೆಯನ್ನು ನನ್ನ ಕೈಗಿತ್ತು, “ಮುಂದಿನದನ್ನು ನೀವೇ ತುಂಬಿಸಿ” ಎಂದ.

ನಡುವಣ 16 ಲಾಕ್‌ಗಳು ಗುಡ್ಡದ ಮೇಲೆ ಒಂದೇ ಸಾಲಿನಲ್ಲಿವೆ. ಒಂದಕ್ಕೂ ಇನ್ನೊಂದಕ್ಕೂ ಎಡೆ ಕಡಿಮೆ. ಆದಕಾರಣ ನೀರು ಹಿಡಿದಿಡಲು ಪಕ್ಕದಲ್ಲಿ ಅಗಲವಾದ ಕೊಳಗಳಿವೆ. 1852ರಲ್ಲಿ ರೈಲ್ವೆ ಕಂಪೆನಿಯೊಂದು ಈ ಕಾಲುವೆಯನ್ನು ಕೊಂಡಿತು. ಸರಕು ರೈಲಿನ ಪಾಲಾಯಿತು. ಕಾಲಕ್ರಮದಲ್ಲಿ ಮೆಟ್ಟಿಲುಗಳು ಹಾಳುಬಿದ್ದವು. ಸಾಮಾನ್ಯ ಜನರೇ ಸ್ವಯಂಸೇವಕರಾಗಿ ವರ್ಷಗಟ್ಟಲೆ ದುಡಿದರು. 1990ರಲ್ಲಿ ಎಲಿಜಬೆತ್ ರಾಣಿ ಕಾಲುವೆಯನ್ನು ಮತ್ತೆ ತೆರೆದರು. ಅವರೂ ಕಾಯಬಲ್ಲವರೇ.

ಮಧ್ಯಾಹ್ನ ಕಳೆದು 29ನೆಯ ಬಾಗಿಲನ್ನು ದಾಟಿದೆವು. ಎರಡು ಮೈಲಿಗೆ ಒಂದು ಹಗಲು! ತೋಳು ನೋಯುತ್ತಿತ್ತು, ಮನಸ್ಸು ಹಗುರವಾಗಿತ್ತು. ಊರಿಗೆ ಮರಳಿ ತರಗತಿಗೆ ಹೋದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಉತ್ತರ ಹೇಳಲಾರದೆ ನಿಂತ. ಗದರಲು ಬಾಯಿ ತೆರೆದವನು ಸುಮ್ಮನಾದೆ. ನೀರು ಇನ್ನೂ ಏರುತ್ತಿದೆ ಎಂದುಕೊಂಡೆ.