ಡೊಂಕು ಹುಟ್ಟಿದ್ದು ಎಲ್ಲಿ?



ಕಲ್ಯಾಣದಿಂದ ಕರ್ಜತ್ ಲೋಕಲ್ ಹಿಡಿದರೆ ಮೂರನೇ ನಿಲ್ದಾಣ ಅಂಬರನಾಥ. ಅಲ್ಲಿನ ಆರ್ಡ್‌ನೆನ್ಸ್ ಫ್ಯಾಕ್ಟರಿ ತೋಟಾಗಳಿಗೆ ಬೇಕಾದ, ಬಟ್ಟಲಿನಾಕಾರದ ಹಿತ್ತಾಳೆ ಕಪ್ಪುಗಳಿಗೆ ಹೆಸರಾದದ್ದು. ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತುವಿನ ಆ ಕಪ್ಪನ್ನು ಡೈಗಳಲ್ಲಿ ಎಳೆದಾಗ ತೋಟಾದ ಉದ್ದ ಕೇಸ್ ಆಗುತ್ತದೆ. ಕಪ್ಪಿನ ಗೋಡೆ ಒಂದು ಬದಿ ದಪ್ಪಗಿದ್ದರೆ, ಎಷ್ಟು ಎಳೆದರೂ ಆ ಬದಿ ದಪ್ಪಗೇ ಉಳಿಯುತ್ತದೆ.

ಗುಂಡು ಡೊಂಕಾಗಿ ಕೂತಿದೆ ಎಂದಾಗ ನಾವೆಲ್ಲ ಮೊದಲು ಬೈಯುವುದು ಗುಂಡು ಕೂರಿಸುವ ಡೈಯನ್ನು. ಅದು ಕೊನೆಯ ಹಂತ, ಕಣ್ಣಿಗೆ ಬೀಳುವುದೂ ಅದೇ. ಪಾಪ, ಎಷ್ಟೋ ಸಲ ಅದರ ತಪ್ಪೇನೂ ಇರುವುದಿಲ್ಲ. ಇವತ್ತಿನ ಗೋಷ್ಠಿಯ ಆಶಯ ಇಷ್ಟೇ: ಕೊನೆಯ ಹಂತದಿಂದ ಹಿಂದಕ್ಕೆ ನಡೆಯೋಣ, ಪ್ರತಿ ಹಂತದಲ್ಲೂ ಅಳೆಯೋಣ.

ಖಾಲಿ ಕೇಸೊಂದನ್ನು ವಿ-ಬ್ಲಾಕಿನ ಮೇಲಿಟ್ಟು, ಡಯಲ್ ಗೇಜಿನ ಮೊನೆಯನ್ನು ಗುಂಡು ಕೂರುವ ಕತ್ತಿನ ಮೇಲೆ ತಾಗಿಸಿ, ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಸೂಜಿ 80 ಮೈಕ್ರಾನ್ ಓಡಾಡಿದರೆ ಕತ್ತಿನ ಕೇಂದ್ರ ಸರಿದಿರುವುದು 40 ಮೈಕ್ರಾನ್ ಮಾತ್ರ. ಅರ್ಧ ಜಗಳ ಇಲ್ಲೇ ಮುಗಿಯುತ್ತದೆ. ಗುಂಡು ಕೂರಿಸುವ ಮೊದಲೇ ಸೂಜಿ ಓಡಾಡುತ್ತಿದ್ದರೆ ಕೂರಿಸುವ ಡೈ ನಿರಪರಾಧಿ. ಇನ್ನೂ ಒಂದು ಹೆಜ್ಜೆ ಹಿಂದೆ ಬನ್ನಿ. ಕತ್ತನ್ನು ಬಿಗಿ ಮಾಡುವ ಡೈಯೊಳಗೆ ಸಣ್ಣ ಉಂಡೆಯೊಂದಿರುತ್ತದೆ. ಕೇಸ್ ಹೊರಬರುವಾಗ ಅದು ಕತ್ತನ್ನು ಒಳಗಿನಿಂದ ಹಿಗ್ಗಿಸುತ್ತದೆ. ಕತ್ತಿನ ಒಳಭಾಗ ಒಣಗಿದ್ದರೆ ಎಳೆತಕ್ಕೆ ಕತ್ತು ಒಂದು ಕಡೆಗೆ ವಾಲುತ್ತದೆ. ಉಂಡೆ ತೆಗೆದು ಇನ್ನೊಂದು ಕೇಸನ್ನು ಅದೇ ಡೈಯಲ್ಲಿ ಹಾಕಿ ನೋಡಿ. ಸೂಜಿ ನಿಂತರೆ ಕಳ್ಳ ಸಿಕ್ಕಿದ. ನಿಲ್ಲದಿದ್ದರೆ ಗೋಡೆಯ ದಪ್ಪ ಅಳೆಯಿರಿ. ಅಲ್ಲಿ ವ್ಯತ್ಯಾಸ ಕಂಡರೆ ನಾವು ಮತ್ತೆ ಕಪ್ಪಿನ ಹತ್ತಿರಕ್ಕೇ ಬಂದೆವು.

ವಾಲಿದ ಗುಂಡನ್ನು ಒತ್ತಿ ನೆಟ್ಟಗೆ ಮಾಡುವ ಉಪಕರಣಗಳೂ ಸಿಗುತ್ತವೆ. ನನಗೆ ಅವುಗಳ ಮೇಲೆ ಅಷ್ಟು ಪ್ರೀತಿಯಿಲ್ಲ. ಸೂಜಿಗೆ ಸಮಾಧಾನವಾಗುತ್ತದೆ, ಕಾರಣ ಇದ್ದಲ್ಲೇ ಇರುತ್ತದೆ.

ಕಾರಣ ಹುಡುಕಲು ಈಗ ಕಂಪನಿಯ ಗಡಿಯನ್ನೂ ದಾಟಬೇಕು: 2021ರ ಅಕ್ಟೋಬರ್ 1ರಿಂದ ಆರ್ಡ್‌ನೆನ್ಸ್ ಫ್ಯಾಕ್ಟರಿಗಳು ಏಳು ಕಂಪನಿಗಳಾಗಿವೆ. ಅಂಬರನಾಥದ ಕಪ್ಪು ‘ಯಂತ್ರ ಇಂಡಿಯಾ’ ಕಂಪನಿಯ ಪಾಲಿಗೆ, ವರಣಗಾಂವ್, ಖಡಕಿಯ ತೋಟಾ ‘ಮುನಿಷನ್ಸ್ ಇಂಡಿಯಾ’ ಕಂಪನಿಯ ಪಾಲಿಗೆ ಬಂತು. ಒಂದೇ ಸೂರಿನಡಿ ಇದ್ದಾಗ ಫೋನಿನಲ್ಲಿ ಮುಗಿಯಬಹುದಾದ ಮಾತು ಈಗ ಎರಡು ಕಂಪನಿಗಳ ನಡುವಿನ ಪತ್ರವ್ಯವಹಾರ. ಯಾರಲ್ಲೋ ದೋಷವಿದೆ ಎನ್ನುತ್ತಿಲ್ಲ. ಆದರೆ ಅಳತೆಯ ಚೀಟಿ ಮಾಲಿನ ಜೊತೆಗೇ ಪ್ರಯಾಣ ಮಾಡುವುದು ಈಗ ಇನ್ನಷ್ಟು ಅಗತ್ಯ. ನಮ್ಮ ಸಣ್ಣ ವರ್ಕ್‌ಶಾಪ್‌ಗಳಿಗೂ ಇದು ಅನ್ವಯಿಸುತ್ತದೆ: ಬುಶ್ ತಿರುಗಿಸುವವರು ಒಬ್ಬರು, ಗ್ರೈಂಡಿಂಗ್ ಮಾಡುವವರು ಇನ್ನೊಬ್ಬರು.

ಇನ್ನೊಂದು ಮಾತು. ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಆದ್ದರಿಂದ ಮಧ್ಯಾಹ್ನದ ಪ್ರಾತ್ಯಕ್ಷಿಕೆಗೆ ಮದ್ದೂ ಇಲ್ಲ, ಗುಂಡೂ ಇಲ್ಲ. ಮೇಜಿನ ಮೇಲೆ ಇರುವುದು ಖಾಲಿ ಕೇಸ್, ವಿ-ಬ್ಲಾಕ್, ಡಯಲ್ ಗೇಜ್. ಊಟಕ್ಕೆ ಹೋಗುವ ಮೊದಲು ಪ್ರತಿ ತಂಡವೂ ಒಂದು ಕೇಸ್ ಆರಿಸಿಕೊಂಡು ಅದರ ಡೊಂಕು ಯಾವ ಹಂತದ್ದು ಎಂದು ಊಹಿಸಿ ಬರೆದಿಡಲಿ. ಅಳೆಯುವುದು ಆಮೇಲೆ.