ಲಕ್ವಾ ಹೊಡೆದ ಕಾಲಿಗೆ ವಿದ್ಯುತ್ತಿನ ನೆರವು

(ಮುನವಳ್ಳಿಯ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ-ಗೊಬ್ಬರದ ಮಾತಾಡುವ ಈ ಹುಡುಗ ಇಂದು ದವಾಖಾನೆಯ ಮಾತನ್ನೇಕೆ ತೆಗೆದನೆಂದು ತಾವು ಕೇಳಬಹುದು. ಕಾರಣವಿದೆ. ಹೋದ ವರ್ಷ ಹಿಂಗಾರಿ ಬಿತ್ತಿಗೆಯ ಕಾಲಕ್ಕೆ ನಮ್ಮ ಸೋದರಮಾವನವರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಬಲಗಾಲು ಸ್ವಾಧೀನ ತಪ್ಪಿತು. ನಡೆಯಹೋದರೆ ಮುಂಗಾಲು ಜೋತುಬಿದ್ದು ಸಣ್ಣ ಹೆಂಟೆಗೂ ಎಡವುತ್ತಿದ್ದರು. "ಕರೆಂಟಿನ ಪೆಟ್ಟಿಗೆ ತರಿಸಿರಿ, ಓಡಾಡುತ್ತಾರೆ" ಎಂದು ಯಾರೋ ಹೇಳಿದರು. ಎತ್ತಿನ ಜೋಡಿ ಮಾರುವವರೆಗೂ ಮಾತು ಹೋಯಿತು. ಆಗ ನಾನು ವಿಚಾರಿಸಿ ತಿಳಿದುದನ್ನು ತಮ್ಮ ಮುಂದಿಡುತ್ತೇನೆ.

ನವಿಲುತೀರ್ಥದ ಕಾಲುವೆಯನ್ನು ತಾವು ಬಲ್ಲಿರಿ. ಮೇಲೆ ತೂಬು ಕೆಟ್ಟರೆ, ಕೆಳಗೆ ಕಾಲುವೆಯೂ ಹೊಲವೂ ನೆಟ್ಟಗಿದ್ದರೂ ನೀರು ಬಾರದು. ಲಕ್ವಾದಲ್ಲಿಯೂ ಹೀಗೆಯೇ. ಮೆದುಳಿನ ರಕ್ತನಾಳ ಕಟ್ಟಿಯೋ ಒಡೆದೋ ಅಲ್ಲಿಯ ಒಂದು ಭಾಗ ಕೆಡುತ್ತದೆ. ಕಾಲಿಗೆ ಅಪ್ಪಣೆ ಹೋಗುವುದು ನಿಲ್ಲುತ್ತದೆ. ಕಾಲಿನ ನರ, ಸ್ನಾಯುಗಳು ಮಾತ್ರ ಬದುಕಿಯೇ ಇರುತ್ತವೆ. ಪಾದವನ್ನೆತ್ತುವ ನರವು ಮೊಣಕಾಲಿನ ಹೊರಮಗ್ಗಲಲ್ಲಿ, ತುಸು ಕೆಳಗೆ, ಚರ್ಮದ ಸಮೀಪವೇ ಹಾಯುತ್ತದೆ. ಅಲ್ಲಿ ಅಂಟಿಸಿದ ತುಣುಕುಗಳ ಮೂಲಕ ಪೆಟ್ಟಿಗೆಯು ವಿದ್ಯುತ್ತಿನ ಸಣ್ಣ ಸಣ್ಣ ಮಿಡಿತಗಳನ್ನು ಕೊಡುತ್ತದೆ. ಹಿಮ್ಮಡಿ ನೆಲ ಬಿಟ್ಟೊಡನೆ ಮಿಡಿತ ಚಾಲೂ ಆಗಿ ಪಾದ ಮೇಲೇಳುತ್ತದೆ. ಹಿಮ್ಮಡಿ ಊರಿದಾಗ ನಿಲ್ಲುತ್ತದೆ. ಅಮೆರಿಕದ ಲಿಬರ್ಸನ್ ಎಂಬ ವೈದ್ಯರೂ ಅವರ ಸಂಗಡಿಗರೂ 1961ರಲ್ಲಿಯೇ ಈ ಉಪಾಯವನ್ನು ಪ್ರಕಟಿಸಿದರು. ಕಾಲಿನ ನರವೇ ಹರಿದವರಿಗೆ, ಪೋಲಿಯೊ ಆಗಿ ಕಾಲು ಬತ್ತಿದವರಿಗೆ ಇದು ನಡೆಯದು. ಅಲ್ಲಿ ಕಾಲುವೆಯೇ ಒಡೆದಿರುತ್ತದೆ.

ಹಾಗಾದರೆ ಎತ್ತು ಮಾರಬೇಕೆ? 2013ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟವಾಯಿತು. ಲಕ್ವಾ ಹೊಡೆದ 197 ಜನರಲ್ಲಿ ಕೆಲವರಿಗೆ ಈ ಪೆಟ್ಟಿಗೆ, ಉಳಿದವರಿಗೆ ಪಾದಕ್ಕೆ ಕಟ್ಟುವ ಆಧಾರಪಟ್ಟಿ ಕೊಟ್ಟು 30 ವಾರ ನೋಡಿದರು. ನಡಿಗೆಯ ವೇಗ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿತು. ಬಳಸಿದವರಿಗೆ ಪೆಟ್ಟಿಗೆಯೇ ಹೆಚ್ಚು ಮೆಚ್ಚಿಕೆಯಾಯಿತೆಂಬುದೂ ನಿಜ. ಆದರೆ ಪ್ಲಾಸ್ಟಿಕ್ಕಿನ ಪಟ್ಟಿಗೆ ಬೀಳುವ ಖರ್ಚು ಬಹಳ ಕಡಿಮೆ. ನಮ್ಮಂಥವರು ಮೊದಲು ಪಟ್ಟಿಯನ್ನೇ ಕೇಳಬೇಕೆಂದು ನನ್ನ ಅಭಿಪ್ರಾಯ. ಬೆಳಗಾವಿ, ಹುಬ್ಬಳ್ಳಿಯ ದೊಡ್ಡ ದವಾಖಾನೆಗಳಲ್ಲಿ ಫಿಜಿಯೋಥೆರಪಿಯವರು ಕಾಲು ನೋಡಿ ಯಾವುದು ತಕ್ಕದ್ದೆಂದು ಹೇಳುತ್ತಾರೆ. ಯಾವುದನ್ನು ಕಟ್ಟಿದರೂ ದಿನಾಲು ನಡೆದು ರೂಢಿಸಿಕೊಳ್ಳತಕ್ಕದ್ದು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳದೆ ಪೆಟ್ಟಿಗೆ ಮುಟ್ಟಬಾರದು. ಮನೆಯ ಕರೆಂಟಿನಿಂದಾಗಲಿ ಟ್ರ್ಯಾಕ್ಟರಿನ ಬ್ಯಾಟರಿಯಿಂದಾಗಲಿ ಇಂಥ ಪ್ರಯೋಗವನ್ನು ಯಾರೂ ಮಾಡಕೂಡದು, ಪ್ರಾಣಕ್ಕೇ ಎರವಾದೀತು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಮಾವನವರ ಬಾಯಿ ಸೊಟ್ಟಾಗಿ ಕೈ ಜೋತುಬಿದ್ದದ್ದು ಬೆಳಗಿನ ಏಳು ಗಂಟೆಗೆ. ನಾವು ಪಾರಿವಾಳದ ರಕ್ತ ತಿಕ್ಕಿಸಿ, ಸಂಜೆ ದವಾಖಾನೆಗೆ ಹೊರಟೆವು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸೂಜಿಮದ್ದು ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ, ಅದೂ ಮೆದುಳಿನ ಸ್ಕ್ಯಾನ್ ನೋಡಿದ ನಂತರವೇ ಕೊಡಬೇಕು. ಮುನವಳ್ಳಿಯಿಂದ ಹುಬ್ಬಳ್ಳಿ ಅಷ್ಟರಲ್ಲಿ ಮುಟ್ಟಲಾಗದ ದೂರವೇನಲ್ಲ. ಬಾಯಿ ಸೊಟ್ಟಾದರೆ, ಒಂದು ಕೈ ಏಳದಿದ್ದರೆ, ಮಾತು ತೊದಲಿದರೆ, ತಾವು ಆ ಕ್ಷಣವೇ 108ಕ್ಕೆ ಫೋನು ಮಾಡಿರಿ.

ಮಾವನವರು ಈಗ ಪಟ್ಟಿ ಕಟ್ಟಿಕೊಂಡು, ಕೋಲು ಹಿಡಿದು, ಹೊಲದ ಬದುವಿನವರೆಗೆ ಬರುತ್ತಾರೆ. ಗಳೆ ಹೊಡೆಯಲು ಆಗುವುದಿಲ್ಲ. ಮಗ ಹೊಡೆಯುತ್ತಾನೆ, ಇವರು ನಿಂತು ಬೈಯುತ್ತಾರೆ. ಎತ್ತುಗಳು ಮನೆಯಲ್ಲಿಯೇ ಇವೆ.