ಮೂಕಪ್ರಾಣಿಗಳ ವೈದ್ಯ: ಒಬ್ಬ ಸದ್ಗೃಹಸ್ಥನ ಕಾಯಕ

(ಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮೊಸಳೆಯ ನಾಗೇಶ್ವರ ಚೆನ್ನಕೇಶವರ ಜೋಡಿ ಗುಡಿಗಳನ್ನು ಕಾಣದವರು ಈ ಸಭೆಯಲ್ಲಿ ವಿರಳ. ಹೊಯ್ಸಳರ ಕಾಲದ ಶಿಲ್ಪಿಗಳು ಕಡೆದ ಆ ಕಲ್ಲುಗಳಿಗೆ ಸುಮಾರು 800 ವರ್ಷಗಳಾದುವು. ಶಿವನ ಗುಡಿಗೆ ಹೋದವರು ಮೊದಲು ನಂದಿಗೆ ಕೈಮುಗಿಯುವುದು ನಮ್ಮ ನಾಡಿನ ವಾಡಿಕೆ. ಆದರೆ ಕಲ್ಲಿನ ಬಸವನಿಗೆ ಕೈಮುಗಿದು ಮನೆಗೆ ಬಂದವನು, ಕೊಟ್ಟಿಗೆಯಲ್ಲಿ ಮೇವು ಮುಟ್ಟದೆ ತಲೆ ಇಳಿಬಿಟ್ಟು ನಿಂತಿರುವ ಜೀವಂತ ಬಸವನನ್ನು ಕಾಣದೆ ಹೋದರೆ, ಆ ನಮಸ್ಕಾರವು ಅರ್ಧವೇ ಸಂದಿತೆಂದು ತಿಳಿಯಬೇಕು.

ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳಿಂದ ಹೆಸರಾದ ಸೀಮೆ ಇದು. ರಾಮನಾಥಪುರದ ದನಗಳ ಜಾತ್ರೆಯಲ್ಲಿ ಜೋಡಿ ಎತ್ತುಗಳ ಹಲ್ಲು ನೋಡಿ, ಸುಳಿ ನೋಡಿ, ವ್ಯಾಪಾರ ಕುದುರಿಸಿದ ಹಿರಿಯರು ಇಲ್ಲಿ ಅನೇಕರಿರುವರು. ದನಕರುಗಳ ಬೇನೆಯನ್ನು ಅರಿಯುವ ವಿದ್ಯೆಯೂ ಕನ್ನಡಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿಯೇ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅದಕ್ಕೂ ಬಹುಪೂರ್ವದಲ್ಲಿ ಅಶೋಕ ಚಕ್ರವರ್ತಿಯು ಮನುಷ್ಯರ ಚಿಕಿತ್ಸೆ, ಪಶುಗಳ ಚಿಕಿತ್ಸೆ ಎರಡನ್ನೂ ಒಂದೇ ಶಾಸನದಲ್ಲಿ ಜೊತೆಗೂಡಿಸಿ ಹೇಳಿದನು. ನಮ್ಮ ಶರಣರಲ್ಲಿ ತುರುಗಳನ್ನು ಕಾಯ್ದ ರಾಮಣ್ಣನಿದ್ದನು, ವೈದ್ಯ ಸಂಗಣ್ಣನಿದ್ದನು. ತುರುಗಾಹಿಯ ಕರುಣೆಯೂ ವೈದ್ಯನ ವಿದ್ಯೆಯೂ ಒಬ್ಬನಲ್ಲಿಯೇ ಕೂಡಿದರೆ ಆ ಬಾಳು ಹೇಗಿದ್ದೀತು? ಇದಕ್ಕೆ ನಿದರ್ಶನವಾಗಿ ಬಹುದೂರದ ಇಂಗ್ಲೆಂಡ್ ದೇಶದ ಒಬ್ಬ ಪಶುವೈದ್ಯರ ಚರಿತ್ರೆಯನ್ನು ಇಂದು ಸ್ಮರಿಸಬಹುದಾಗಿದೆ. ದೇಶ ಬೇರೆ, ಮತ ಬೇರೆ. ಆದರೆ ಕೊಟ್ಟಿಗೆಯ ವಾಸನೆ ಎಲ್ಲೆಡೆಯೂ ಒಂದೇ. ಈಯಲಾರದೆ ನರಳುವ ಹಸುವಿನ ಕಣ್ಣೂ ಒಂದೇ.

ಆ ಮಹನೀಯರ ನಿಜನಾಮ ಜೇಮ್ಸ್ ಆಲ್ಫ್ರೆಡ್ ವೈಟ್. ಲೋಕವು ಅವರನ್ನು ಜೇಮ್ಸ್ ಹೆರಿಯಟ್ ಎಂಬ ಹೆಸರಿನಿಂದ ಅರಿಯುವುದು. 1916ನೆಯ ಅಕ್ಟೋಬರ್ 3ರಂದು ಸಂಡರ್ಲೆಂಡ್ ಎಂಬಲ್ಲಿ ಜನಿಸಿ, ಗ್ಲಾಸ್ಗೋ ಪಟ್ಟಣದಲ್ಲಿ ಬೆಳೆದರು. ತಂದೆತಾಯಿಗಳು ಸಿರಿವಂತರಲ್ಲ, ತಮ್ಮ ಸುಖವನ್ನು ಕಡಿಮೆಮಾಡಿಕೊಂಡು ಮಗನನ್ನು ಓದಿಸಿದರು. 1939ರ ಡಿಸೆಂಬರಿನಲ್ಲಿ ಗ್ಲಾಸ್ಗೋ ಪಶುವೈದ್ಯ ವಿದ್ಯಾಲಯದಿಂದ ತೇರ್ಗಡೆಯಾದ ವೈಟ್ ಮಹಾಶಯರು, ಮರುವರ್ಷ ಯಾರ್ಕ್‌ಶೈರ್ ಸೀಮೆಯ ಥರ್ಸ್ಕ್ ಎಂಬ ಸಣ್ಣ ಪೇಟೆಗೆ ಬಂದು, ಡೊನಾಲ್ಡ್ ಸಿಂಕ್ಲೇರ್ ಎಂಬ ಪಶುವೈದ್ಯರೊಡನೆ ಕೆಲಸಕ್ಕೆ ನಿಂತರು. ಯುದ್ಧಕಾಲದಲ್ಲಿ ಒಂದು ವರ್ಷ ವಾಯುಸೇನೆಯಲ್ಲಿದ್ದುದನ್ನು ಬಿಟ್ಟರೆ, ಸುಮಾರು ಐವತ್ತು ವರ್ಷ ಅವರ ಕಾಯಕಕ್ಷೇತ್ರ ಅದೇ ಆಗಿತ್ತು.

ಆ ಕಾಯಕ ಸುಲಭದ್ದಾಗಿರಲಿಲ್ಲ. ಪೆನಿಸಿಲಿನ್ ಮೊದಲಾದ ದಿವ್ಯೌಷಧಿಗಳು ಪಶುಗಳಿಗೆ ಇನ್ನೂ ದೊರೆಯದ ಕಾಲವದು. ನಡುರಾತ್ರಿಯಲ್ಲಿ ಕರೆ ಬರುವುದು. ಹೊರಗೆ ಹಿಮ ಬೀಳುತ್ತಿರುವುದು. ಗುಡ್ಡದ ಮೇಲಿನ ಒಂಟಿ ಮನೆಯ ಕೊಟ್ಟಿಗೆಯಲ್ಲಿ ಲಾಂದ್ರದ ಬೆಳಕು. ವೈದ್ಯರು ಆ ಚಳಿಯಲ್ಲಿ ಮೇಲಂಗಿ ಕಳಚಿ, ತೋಳಿಗೆ ಸಾಬೂನು ಬಳಿದುಕೊಂಡು, ಕಲ್ಲುನೆಲದ ಮೇಲೆ ಮಲಗಿ, ಹಸುವಿನ ಗರ್ಭದೊಳಗೆ ಭುಜದವರೆಗೆ ಕೈಯಿಟ್ಟು, ಅಡ್ಡಬಿದ್ದ ಕರುವಿನ ಕಾಲನ್ನೋ ತಲೆಯನ್ನೋ ಹುಡುಕುವರು. ಒಂದು ಗಂಟೆಯಾದೀತು, ಎರಡು ಗಂಟೆಯಾದೀತು. ಕಡೆಗೆ ಕರು ನೆಲಕ್ಕೆ ಬಿದ್ದು ತಲೆ ಕೊಡವಿದರೆ, ತಾಯಿ ತಿರುಗಿ ಅದನ್ನು ನೆಕ್ಕಲಾರಂಭಿಸಿದರೆ, ಅದೇ ಅವರ ನಿಜವಾದ ಸಂಭಾವನೆ.

ಮನುಷ್ಯರ ವೈದ್ಯನಿಗೆ ರೋಗಿಯು ತನ್ನ ನೋವನ್ನು ಹೇಳುವನು. ವಾಸಿಯಾದ ಮೇಲೆ ಕೊಂಡಾಡುವನು. ಪಶುವೈದ್ಯನಿಗೆ ಇವೆರಡೂ ಇಲ್ಲ. ನೋವನ್ನು ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ ತಾನೇ ಅರಿಯಬೇಕು. ಗುಣವಾದ ಪ್ರಾಣಿಯು ಮೇವಿನ ಕಡೆ ಮುಖ ತಿರುಗಿಸುವುದೇ ಹೊರತು ವೈದ್ಯನನ್ನು ಹೊಗಳಲಾರದು. ಹೊಗಳಿಕೆ ಹಿಂದಿರುಗಿ ಬಾರದ ಎಡೆಯಲ್ಲಿಯೂ ಯಾವನು ಮನಸ್ಸಿಟ್ಟು ದುಡಿಯುವನೋ ಅವನ ದುಡಿಮೆಗೇ ಕಾಯಕವೆಂಬ ಹೆಸರು ಸಲ್ಲುವುದು.

ಇನ್ನು ಅವರ ಸಂಸಾರದ ಮಾತು. 1941ರ ನವೆಂಬರ್ 5ರಂದು ಜೋನ್ ಡ್ಯಾನ್‌ಬರಿ ಎಂಬ ಕನ್ಯೆಯನ್ನು ವರಿಸಿದರು. ವಿವಾಹವಾದ ಹೊಸದರಲ್ಲಿ ವಿಹಾರಕ್ಕೆಂದು ಹೋದ ದಂಪತಿಗಳು ಅಲ್ಲಿಯೂ ಊರೂರು ತಿರುಗಿ ದನಗಳಿಗೆ ಕ್ಷಯರೋಗದ ಪರೀಕ್ಷೆ ಮಾಡಿದರು. ಪತಿ ಪರೀಕ್ಷಿಸಿದುದನ್ನು ಪತ್ನಿ ಬರೆದುಕೊಂಡಳು. ಪುತ್ರ ಜಿಮ್ 1943ರಲ್ಲಿಯೂ, ಪುತ್ರಿ ರೋಸಿ 1947ರಲ್ಲಿಯೂ ಜನಿಸಿದರು. ಮನೆಯೇ ಚಿಕಿತ್ಸಾಲಯ, ಚಿಕಿತ್ಸಾಲಯವೇ ಮನೆ ಎಂಬಂತಿದ್ದ ಆ ಬಾಳಿನಲ್ಲಿ ಮಕ್ಕಳಿಗೆಂದು ಬೇರೆ ವೇಳೆ ಎಲ್ಲಿಂದ ಬರಬೇಕು? ಆದಕಾರಣ ತಂದೆಯು ಮಕ್ಕಳನ್ನು ತಮ್ಮ ವಾಹನದಲ್ಲಿಯೇ ಕುಳ್ಳಿರಿಸಿಕೊಂಡು ಹಳ್ಳಿಯಿಂದ ಹಳ್ಳಿಗೆ ಕರೆದೊಯ್ಯುತ್ತಿದ್ದರು. ಗೇಟು ತೆರೆಯುವುದು, ಸಾಮಾನು ಎತ್ತಿಕೊಡುವುದು ಮಕ್ಕಳ ಕೆಲಸ. ಮಗನು ಅದೇ ವಿದ್ಯೆ ಕಲಿತು ತಂದೆಯ ಚಿಕಿತ್ಸಾಲಯವನ್ನೇ ಸೇರಿದನು.

ಮಗಳೂ ಪಶುವೈದ್ಯಳಾಗಬೇಕೆಂದು ಬಯಸಿದಳು. ಈ ಕೆಲಸದ ಕಾಠಿಣ್ಯವನ್ನು ಮೈಯೆಲ್ಲ ಉಂಡಿದ್ದ ತಂದೆಯು ಒಪ್ಪಲಿಲ್ಲ. ಆಕೆ ಮನುಷ್ಯರ ವೈದ್ಯಳಾಗಿ ಅದೇ ಊರಿನಲ್ಲಿ ಸೇವೆಮಾಡಿದಳು. ಪ್ರೀತಿಯಿಂದಲೇ ಮಾಡಿದ ತಡೆಯಾದರೂ ಅದು ತಡೆಯೇ. ಸತ್ಪುರುಷರ ಚರಿತ್ರೆಯನ್ನು ಹೇಳುವಾಗ ಇಂತಹುದನ್ನು ಮರೆಮಾಚಬಾರದು. ಹೆಣ್ಣುಮಕ್ಕಳ ಬಯಕೆಗೆ ಅಡ್ಡನಿಲ್ಲುವ ತಂದೆಗಳಿಗೆ ಇದರಲ್ಲಿ ಯೋಚನೆಗೆ ಆಸ್ಪದವುಂಟು.

ಮತ್ತೊಂದು ಸಂಗತಿಯನ್ನೂ ಹೇಳಬೇಕಾಗಿದೆ. 1960ರ ಸುಮಾರಿಗೆ, ತಂದೆಯನ್ನು ಕಳೆದುಕೊಂಡ ಕಾಲದಲ್ಲಿ, ನಗುಮುಖದ ಈ ವೈದ್ಯರಿಗೇ ತೀವ್ರವಾದ ಮನೋವ್ಯಾಧಿ ಕವಿಯಿತು. ಚಿಕಿತ್ಸೆ ಪಡೆಯಬೇಕಾಯಿತು. ನೆರೆಹೊರೆಯವರಲ್ಲಿ ಬಹುಮಂದಿಗೆ ಇದು ತಿಳಿಯದು. ಮಗನು ತಂದೆಯ ಮರಣಾನಂತರ 1999ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಇದನ್ನು ಮುಚ್ಚಿಡದೆ ಬರೆದನು. ಇತರರ ಕೊಟ್ಟಿಗೆಗಳಿಗೆಲ್ಲ ನೆಮ್ಮದಿ ಹಂಚುವವನ ಅಂತರಂಗದಲ್ಲಿಯೂ ಕತ್ತಲೆ ಇರಬಹುದು. ಆ ಕತ್ತಲೆಯ ಕಾಲದಲ್ಲಿ ಅವರ ಜೊತೆಗಿದ್ದುದು ಅವರ ಕುಟುಂಬವೇ. ಸಂಸಾರವು ಸೇವೆಗೆ ತೊಡಕೆಂದು ಹೇಳುವವರುಂಟು. ಇಲ್ಲಿ ಸಂಸಾರವೇ ಸೇವೆಯ ಆಧಾರಸ್ತಂಭವಾಯಿತು.

ಕಂಡ ಕಥೆಗಳನ್ನೆಲ್ಲ ಬರೆಯುವೆನೆಂದು ಅವರು ಎಷ್ಟೋ ವರ್ಷ ಮನೆಯಲ್ಲಿ ಹೇಳುತ್ತಲೇ ಇದ್ದರು. ಐವತ್ತು ತುಂಬಿದವರು ಎಲ್ಲಿಯಾದರೂ ಹೊಸದಾಗಿ ಬರೆಯಲಾರಂಭಿಸುವುದುಂಟೆ ಎಂದು ಪತ್ನಿಯು ಕುಟುಕಿದಳಂತೆ. ಆ ಮಾತೇ ಲೇಖನಿ ಹಿಡಿಸಿತು. ಹಗಲೆಲ್ಲ ದುಡಿದು, ಸಂಜೆ ಮನೆಮಂದಿಯ ನಡುವೆಯೇ ಕುಳಿತು ಬರೆದರು. ವೈದ್ಯನು ತನ್ನನ್ನು ತಾನು ಪ್ರಚಾರಮಾಡಿಕೊಳ್ಳಬಾರದೆಂಬ ವೃತ್ತಿನಿಯಮಕ್ಕೆ ತಲೆಬಾಗಿ, ಕಾಲ್ಚೆಂಡಿನ ಆಟಗಾರನೊಬ್ಬನ ಹೆಸರನ್ನು ಎರವಲು ಪಡೆದರು. ಮೊದಲ ಪುಸ್ತಕವು 1970ರಲ್ಲಿ ಹೊರಬಂತು. ಕೆಲವೇ ವರ್ಷಗಳಲ್ಲಿ ಅವರ ಪುಸ್ತಕಗಳು ಲೋಕದಲ್ಲೆಲ್ಲ ಕೋಟಿಗಟ್ಟಲೆ ಮಾರಾಟವಾದುವು.

ಕಾಯಕದ ನಿಜವಾದ ಪರೀಕ್ಷೆ ಬಡತನದಲ್ಲಲ್ಲ, ಸಿರಿ ಬಂದಾಗ. ದಿನದ ಆಹಾರಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಲಕ್ಕಮ್ಮನು ತಿದ್ದಿದ ಪ್ರಸಂಗ ಇಲ್ಲಿ ಎಲ್ಲರಿಗೂ ವಿದಿತವಾದುದೇ. ವೈಟ್ ಮಹಾಶಯರ ಮನೆಬಾಗಿಲಿಗೆ ದೇಶವಿದೇಶಗಳ ಜನ ಬಂದು ಸಾಲುಗಟ್ಟಿ ನಿಂತರು. ಆ ಕಾಲದಲ್ಲಿ ತೆರಿಗೆಯ ಭಾರವನ್ನು ತಾಳಲಾರದೆ ದೇಶವನ್ನೇ ಬಿಟ್ಟುಹೋದ ಧನವಂತರಿದ್ದರು. ಇವರು ಹೋಗಲಿಲ್ಲ. ತೆರಿಗೆ ಕೊಟ್ಟರು, ಊರಿನಲ್ಲಿಯೇ ಉಳಿದರು, ಹಸುಗಳ ಕರೆಗೆ ಓಗೊಡುವುದನ್ನು ಬಿಡಲಿಲ್ಲ. ಎಷ್ಟು ಪ್ರಸಿದ್ಧನಾದರೇನು, ಹಸು ಮಲಗಿರುವ ರೈತನಿಗೆ ಬೇಕಾದವನು ವೈದ್ಯನೇ ಹೊರತು ಗ್ರಂಥಕರ್ತನಲ್ಲ ಎಂಬುದು ಅವರ ನಿಲುವಾಗಿತ್ತು.

1995ನೆಯ ಫೆಬ್ರವರಿ 23ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಸ್ವಗೃಹದಲ್ಲಿಯೇ ಅವರು ದೇಹವಿಟ್ಟರು. ಅದೇ ವರ್ಷ ಯಾರ್ಕ್ ನಗರದ ಮಹಾ ದೇವಾಲಯದಲ್ಲಿ ನಡೆದ ಸ್ಮರಣೆಯ ಸಭೆಗೆ 2000ಕ್ಕೂ ಮೀರಿ ಜನ ನೆರೆದರು.

ಶರಣಬಂಧುಗಳೇ, ಈ ಚರಿತ್ರೆಯಿಂದ ನಾವು ಪಡೆಯಬೇಕಾದುದೇನು? ನಮ್ಮ ಹಿರಿಯರ ಕಾಲದಲ್ಲಿ ದೊಡ್ಡರೋಗ ಹೊಕ್ಕರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಆ ಮಾರಿಯು ಭೂಮಂಡಲದಿಂದಲೇ ಅಳಿಯಿತೆಂದು 2011ರಲ್ಲಿ ಸಾರಲಾಯಿತು. ಅದನ್ನು ಅಳಿಸಿದವರು ಹೆಸರಿಲ್ಲದ ಸಾವಿರಾರು ಮಂದಿ. ಲಸಿಕೆಯ ಪೆಟ್ಟಿಗೆಯನ್ನು ಹೊತ್ತು ಊರೂರು ಅಲೆದವರು. ಅವರ ಕಥೆಯನ್ನು ಬರೆದವರಿಲ್ಲ. ಅವರ ಮನೆಯಲ್ಲಿಯೂ ಬಡಿಸಿದ ಅನ್ನ ಆರಿತ್ತು, ಮಕ್ಕಳು ಕಾದು ಕಾದು ನಿದ್ದೆಹೋಗಿದ್ದರು. ಹಾಸನದಲ್ಲಿ ಇಂದು ಪಶುವೈದ್ಯ ಮಹಾವಿದ್ಯಾಲಯವೇ ಇದೆ. ಅಲ್ಲಿಂದ ಹೊರಬರುವ ತರುಣ ತರುಣಿಯರು ನಮ್ಮ ಮಕ್ಕಳೇ.

ಆದುದರಿಂದ ಪಶುವೈದ್ಯರು ಮನೆಬಾಗಿಲಿಗೆ ಬಂದಾಗ ಒಂದು ಕೊಳಗ ಬಿಸಿನೀರು, ಸಾಬೂನು, ಮಡಿ ಬಟ್ಟೆ ಇವನ್ನು ಮೊದಲೇ ಅಣಿಮಾಡಿಡಿರಿ. ಹಸು ನೆಲಹಿಡಿದು ಮೂರು ದಿನವಾದ ಮೇಲೆ ಕರೆದು, ಬದುಕದಿದ್ದರೆ ಅವರನ್ನು ದೂರಬೇಡಿರಿ; ಮೊದಲ ಹೊತ್ತಿನಲ್ಲಿಯೇ ಕರೆಯಿರಿ. ಕೆಲಸ ಮುಗಿದ ಮೇಲೆ, ಊಟಮಾಡಿದಿರಾ ಎಂದೊಮ್ಮೆ ಕೇಳಿರಿ. ಬಾಯಿಲ್ಲದ ಹಸು ಹೇಳಲಾರದ ಕೃತಜ್ಞತೆಯನ್ನು, ಬಾಯಿರುವ ನಾವಾದರೂ ಹೇಳಬೇಡವೆ?